ಸೊಸೆಯ ಹೆಸರಿನ ಕಾರ್ಡು

ಬಾಯ್ಲರ್ ಹಿಂದಿನ ಬಕೆಟ್ಟಿನಲ್ಲಿ ಅತ್ತೆಯ ಒಳಲಂಗ ನೆನೆಯುತ್ತಿದ್ದುದನ್ನು ಸೊಸೆ ಆ ತಿಂಗಳಲ್ಲಿ ಮೂರನೆಯ ಸಲ ಕಂಡಳು. ಬೇರೆ ಯಾರ ಮನೆಯಲ್ಲಾದರೂ ಅದೊಂದು ಬಕೆಟ್ಟು, ಅದೊಂದು ಲಂಗ, ಅಷ್ಟೆ. ಇದು ಲಾಂಡ್ರಿಯವರ ಮನೆ. ಮುಂದಿನ ಕೋಣೆಯಲ್ಲಿ ಅಂಗಡಿ, ನಡುವಿನ ಕೋಣೆಯಲ್ಲಿ ಎರಡು ಮಷಿನ್ನು ಮತ್ತು ಇಸ್ತ್ರಿ ಮೇಜು, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಚಹಾದ ಕಲೆಗೆ ಏನು, ತುಕ್ಕಿಗೆ ಏನು, ಮಸಿಗೆ ಏನು ಎಂಬುದನ್ನೆಲ್ಲ ಸೊಸೆಗೆ ಕಲಿಸಿದವಳೇ ಅತ್ತೆ. ತಣ್ಣೀರಿಗೆ ಉಪ್ಪು ಹಾಕಿ ನೆನೆಸುವುದು ಯಾವ ಕಲೆಗೆ ಎಂಬುದನ್ನೂ ಅವಳೇ ಕಲಿಸಿದ್ದಳು. ಅತ್ತೆಗೆ ಐವತ್ತೇಳು ವರ್ಷ. ಮುಟ್ಟು ನಿಂತು ಏಳು ವರ್ಷವಾಗಿತ್ತು.

"ಅತ್ತೆ, ಇದು ಯಾವಾಗಿಂದ?" ಎಂದಳು ಸೊಸೆ.

"ಯಾವುದು?"

"ಬಕೆಟ್ಟಲ್ಲಿರೋದು."

"ನಿನಗೆ ಹೋಟೆಲಿನ ಟವೆಲ್ ಮಡಿಸೋ ಕೆಲಸ ಇಲ್ವಾ? ಕಂಡೋರ ಬಕೆಟ್ಟಿಗೆ ಕೈ ಹಾಕ್ಕೊಂಡು ನಿಂತಿದ್ದೀಯಲ್ಲ."

ಇಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುವ ಸೊಸೆಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳು ಮೂವತ್ತೊಂದರ ಹೆಂಗಸು, ಏಳು ವರ್ಷದಿಂದ ಆ ಮನೆಯ ಇಸ್ತ್ರಿ ಮೇಜಿನ ಮುಂದೆ ನಿಂತವಳು. ಅತ್ತೆಯ ಮೇಲೆ ಅವಳಿಗೆ ಪ್ರೀತಿಯೇನೂ ಉಕ್ಕಿ ಹರಿಯುತ್ತಿರಲಿಲ್ಲ. ಆದರೆ ಅವಳ ಸೋದರತ್ತೆಯೊಬ್ಬಳು ಹೀಗೆಯೇ ಬಚ್ಚಿಟ್ಟು ಬಚ್ಚಿಟ್ಟು, ಆಸ್ಪತ್ರೆಗೆ ಹೊತ್ತೊಯ್ಯುವ ಹೊತ್ತಿಗೆ ಎಲುಬಿನ ಗೂಡಾಗಿದ್ದಳು. ಅದನ್ನು ಕಣ್ಣಾರೆ ಕಂಡವಳು ಇವಳು.

ಎರಡು ದಿನ ಬಿಟ್ಟು ಮತ್ತೆ ಶುರುಮಾಡಿದಳು. "ದೊಡ್ಡಾಸ್ಪತ್ರೆಯಲ್ಲಿ ಮಂಗಳವಾರ ಮಂಗಳವಾರ ಹೆಂಗಸರ ತಪಾಸಣೆ ಇರುತ್ತೆ ಅತ್ತೆ. ಕಾಯಿಲೆ ಇದ್ದೋರು, ಇಲ್ದೇ ಇದ್ದೋರು, ಎಲ್ಲಾರೂ ಹೋಗ್ತಾರೆ. ಐದು ನಿಮಿಷದ ಕೆಲಸ."

"ನನ್ನ ಹೆಸರು ಬರೆಸ್ಕೊಂಡಾ? ನಿನ್ನ ನಾದಿನಿಗೆ ಹುಡುಗನ್ನ ನೋಡ್ತಿರೋ ಹೊತ್ತಲ್ಲಿ? ತಾಯಿಗೆ ಗರ್ಭಕೋಶದ ಕಾಯಿಲೆ ಅಂತ ಒಂದು ಮಾತು ಹೊರಗೆ ಬಿದ್ರೆ ಮಗಳನ್ನ ಯಾರು ತಗೊಳ್ತಾರೆ? ಊರಿನ ಅರ್ಧ ಬಟ್ಟೆ ನಮ್ಮನೆಗೆ ಬರುತ್ತೆ ಕಣೇ. ನಮ್ಮನೆ ವಿಷಯ ಊರಿಗೆ ಹೋಗಬಾರದು."

"ಹಾಗಾದ್ರೆ ಹೀಗೇ ಇರ್ತೀರಾ?"

ಅತ್ತೆ ದಿಂಬಿನ ಚೀಲಗಳನ್ನು ಎಣಿಸಿ ಮುಗಿಸಿದಳು. ಆಮೇಲೆ ತಲೆ ಎತ್ತದೆ ಅಂದಳು, "ನಿನ್ನ ಹೆಸರಲ್ಲಿ ಬರೆಸು. ಆಗ ಬರ್ತೀನಿ."

ಸೊಸೆಗೆ ನಗು ಬಂತು. ಹೆಸರು ತಾನೇ, ಒಂದು ದಿನ ಕೊಟ್ಟರೆ ಸವೆದುಹೋಗುತ್ತದೆಯೇ ಎಂದುಕೊಂಡಳು. ಒಪ್ಪಿಕೊಂಡಳು.

ಮಂಗಳವಾರ ಇಬ್ಬರೂ ಹೋದರು. ಮನೆಯಲ್ಲಿ ಸೊಸೆಯ ತಪಾಸಣೆಗೆ ಅತ್ತೆ ಜೊತೆಗೆ ಹೋಗುತ್ತಿದ್ದಾಳೆ ಎಂದು ಹೇಳಿದ್ದಾಯಿತು. ಚೀಟಿ ಬರೆಯುವವಳು ತಲೆ ಎತ್ತದೆ ಹೆಸರು, ವಯಸ್ಸು, ಫೋನ್ ನಂಬರು ಕೇಳಿದಳು. ಸೊಸೆ ತನ್ನ ಹೆಸರು, ತನ್ನ ವಯಸ್ಸು, ಅಂಗಡಿಯ ನಂಬರು ಕೊಟ್ಟಳು. ಹಳದಿ ಕಾರ್ಡು ಕೈಗೆ ಬಂತು. ಒಳಗೆ ನಲವತ್ತು ಹೆಂಗಸರ ಸಾಲು, ಒಂದು ಪರದೆ, ಪರದೆಯ ಹಿಂದೆ ಒಬ್ಬಳು ನರ್ಸ್. ಅವಳಿಗೆ ಕಾಣುತ್ತಿದ್ದುದು ಮೊಣಕಾಲು ಮತ್ತು ಕಾರ್ಡಿನ ನಂಬರು. ಮುಖ ನೋಡಿ ವಯಸ್ಸು ತಾಳೆ ಹಾಕುವ ಪುರುಸೊತ್ತು ಅವಳಿಗಿರಲಿಲ್ಲ. ಅತ್ತೆ ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು. "ಮೂರು ಹೆತ್ತು ಒಂದು ಕಳಕೊಂಡಾಗಲೂ ಇಷ್ಟು ನಾಚಿಕೆ ಆಗಿರಲಿಲ್ಲ," ಎಂದಳು. ದಾರಿಯಲ್ಲಿ ಇಬ್ಬರೂ ಚಹಾ ಕುಡಿದರು. ಏಳು ವರ್ಷದಲ್ಲಿ ಇಬ್ಬರೇ ಕೂತು ಚಹಾ ಕುಡಿದದ್ದು ಅದೇ ಮೊದಲು.

ಹತ್ತನೆಯ ದಿನ ಫೋನು ಬಂತು. ಅಂಗಡಿಯ ಫೋನು ಎತ್ತುವವನು ಮಾವ. ಅವನಿಗೆ ಎಡಗಿವಿ ಸರಿಯಾಗಿ ಕೇಳುವುದಿಲ್ಲ, ಆದರೂ ಯಾವಾಗಲೂ ಎಡಗಿವಿಗೇ ಹಿಡಿಯುತ್ತಾನೆ. ಎದುರಿಗೆ ಪ್ಯಾಂಟು ತೆಗೆದುಕೊಂಡು ಹೋಗಲು ಬಂದ ಮೇಷ್ಟ್ರು ನಿಂತಿದ್ದರು.

"ಯಾರು? ಆಸ್ಪತ್ರೆನಾ? ಹೌದು, ನಮ್ಮ ಸೊಸೆ. ಏನಂತೆ? ಚೆನ್ನಾಗಿಲ್ವಾ? ಎಲ್ಲಿ ಚೆನ್ನಾಗಿಲ್ಲ? ಗಟ್ಟಿಯಾಗಿ ಹೇಳಮ್ಮ! ಗರ್ಭಕೋಶದ ಬಾಯಿನಾ? ಅದಕ್ಕೇನಾಗಿದೆ? ಕೆಟ್ಟ ಜೀವಕೋಶ? ಇನ್ನೊಂದು ಪರೀಕ್ಷೆ ಆಗಬೇಕಾ? ಬೇಗ ಬರಬೇಕಾ? ಆಯ್ತಮ್ಮ, ಆಯ್ತು."

ಮೇಷ್ಟ್ರು ಪ್ಯಾಂಟನ್ನು ಬಗಲಲ್ಲಿಟ್ಟುಕೊಂಡು ಬೇಗಬೇಗನೆ ಹೊರಟುಹೋದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುವುದಕ್ಕೆ ಅಷ್ಟು ಸಾಕಾಯಿತು.

ನಡುವಿನ ಕೋಣೆಯಲ್ಲಿ ಸೊಸೆ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಅತ್ತೆ ಎದುರಿಗೇ ಕೂತು ಬೆಡ್‌ಶೀಟಿನ ಅಂಚು ಕೂಡಿಸುತ್ತಿದ್ದಳು. ಸೊಸೆ ಅವಳ ಮುಖ ನೋಡಿದಳು. ಈಗ ಹೇಳುತ್ತಾಳೆ, ಈಗ ಬಾಯಿಬಿಡುತ್ತಾಳೆ ಎಂದು ಕಾದಳು. ಮಾವ ಒಳಗೆ ಬಂದು ಕೇಳಿದ್ದನ್ನೆಲ್ಲ ಮತ್ತೊಮ್ಮೆ ಕೂಗಿ ಹೇಳಿದ. ಗಂಡ ಮಷಿನ್ ಆರಿಸಿ ಬಂದು ನಿಂತ.

ಅತ್ತೆ ಬೆಡ್‌ಶೀಟು ಮಡಿಸಿಟ್ಟು ಅಂದಳು, "ನಾನು ಅಂದ್ಕೊಂಡೆ. ಇವಳ ಮುಖದಲ್ಲಿ ಕಳೆನೇ ಇರಲಿಲ್ಲ. ಅದಕ್ಕೇ ಕೈ ಹಿಡಿದು ಕರ್ಕೊಂಡು ಹೋದೆ."

ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಸೊಸೆ ಅವಳನ್ನು ಹಗ್ಗದ ಹತ್ತಿರ ತಡೆದಳು. "ಏನು ಅತ್ತೆ ಇದು?"

"ಮೆಲ್ಲಗೆ ಮಾತಾಡು. ಹುಡುಗನ ಕಡೆಯೋರು ಮುಂದಿನ ವಾರ ಬರ್ತಿದ್ದಾರೆ. ಅದೊಂದು ನಿಶ್ಚಯ ಆಗ್ಲಿ, ನಾನೇ ಎಲ್ಲರ ಮುಂದೆ ಹೇಳ್ತೀನಿ."

"ಅಷ್ಟರಲ್ಲಿ ನಿಮಗೆ ಜಾಸ್ತಿಯಾದ್ರೆ?"

"ಒಂದು ವಾರಕ್ಕೆ ಯಾರೂ ಸಾಯಲ್ಲ. ನಿನಗೇನು ನಷ್ಟ? ನಿನ್ನ ಮೈಯಲ್ಲಿ ಏನಿದೆ ಹೇಳು?"

ಸೊಸೆಗೆ ಮಾತು ಸರಿ ಅನ್ನಿಸಿತು. ಅದು ಅವಳು ಮಾಡಿದ ಎರಡನೆಯ ತಪ್ಪು.

ನಾದಿನಿ ಚಪ್ಪಲಿ ಅಂಗಡಿಯಲ್ಲಿ ಕ್ಯಾಷಿಯರು. ಆ ಸಂಜೆ ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಮೊಬೈಲು ಇಟ್ಟುಕೊಂಡು ಗಟ್ಟಿಯಾಗಿ ಓದತೊಡಗಿದಳು. ಅರ್ಧ ಓದಿದಳು, ತನಗೆ ಬೇಕಾದಲ್ಲಿ ನಿಲ್ಲಿಸಿದಳು.

"ಕೇಳಿಸ್ಕೊಳ್ಳಿ. ಇದು ಗಂಡಸರ ಸಂಗದಿಂದ ಬರೋ ವೈರಸ್ಸಂತೆ."

"ಏನು ಸಂಘ?" ಎಂದ ಮಾವ.

"ಸಂಗ ಅಪ್ಪ, ಸಂಗ! ಗಂಡಸಿಂದ ಹೆಂಗಸಿಗೆ ಬರುತ್ತಂತೆ."

ಗಂಡ ಬಾಯಿಗೆ ಎತ್ತಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. "ನನಗೇನೂ ಇಲ್ಲ. ನಾನು ಗಟ್ಟಿಮುಟ್ಟಾಗಿದ್ದೀನಿ," ಎಂದ.

"ನಿನ್ನಿಂದ ಅಂತ ಯಾರು ಹೇಳಿದ್ರಣ್ಣ?" ಎಂದಳು ನಾದಿನಿ.

"ಹಾಗಾದ್ರೆ ಯಾರಿಂದ?" ಎಂದ ಮಾವ. ಅವನಿಗೆ ಈ ಸಲ ಎಲ್ಲ ಸರಿಯಾಗಿ ಕೇಳಿಸಿತ್ತು.

ಸೊಸೆ ಅತ್ತೆಯ ಕಡೆ ತಿರುಗಿದಳು. ಮೂವತ್ತೈದು ವರ್ಷ ಬಾಳಿದ ಗಂಡ ಪಕ್ಕದಲ್ಲೇ ಕೂತು ಯಾರಿಂದ ಎಂದು ಕೇಳುತ್ತಿದ್ದಾನೆ. ಅತ್ತೆಯ ಮುಖ ಒಗೆದ ಬಟ್ಟೆಯಂತೆ ಬಿಳಿಚಿತು. ಆ ಹೊತ್ತಿನಲ್ಲೇ ಅವಳು ಇನ್ನೆಂದೂ ಬಾಯಿಬಿಡುವುದಿಲ್ಲ ಎಂದು ಸೊಸೆಗೆ ಗೊತ್ತಾಯಿತು. ಒಂದು ವಾರಕ್ಕೂ ಇಲ್ಲ, ಒಂದು ವರ್ಷಕ್ಕೂ ಇಲ್ಲ.

"ಊಟದ ಹೊತ್ತಲ್ಲಿ ಅಸಹ್ಯದ ಮಾತು ಬೇಡ," ಎಂದಳು ಅತ್ತೆ. "ನಾಳೆಯಿಂದ ಇವಳ ತಟ್ಟೆ ಲೋಟ ಬೇರೆ ಇಡಿ. ಬಟ್ಟೆನೂ ಬೇರೆ ಬಕೆಟ್ಟು. ಮಗು ನನ್ನ ಹತ್ತಿರ ಮಲಗ್ಲಿ."

ಮಾರನೆಯ ದಿನವೇ ಎಲ್ಲವೂ ಹಾಗೆಯೇ ಆಯಿತು. ಬೇಗ ಬನ್ನಿ ಎಂದ ಆಸ್ಪತ್ರೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಕಾಲು ಮುರಿದ ಸ್ಟೂಲಿನ ಮೇಲೆ ಒಂದು ಸೀಳುಬಿಟ್ಟ ತಟ್ಟೆ ಬಂತು. ಗಂಡ ಹಾಸಿಗೆ ಸುತ್ತಿಕೊಂಡು ಅಂಗಡಿಯ ಮೂಟೆಗಳ ಪಕ್ಕಕ್ಕೆ ಹೋದ. ನಾಲ್ಕು ವರ್ಷದ ಮಗಳನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ಗುಬ್ಬಿ ಬೆಳಿಗ್ಗೆ ಅಮ್ಮನ ಕಾಲು ತಬ್ಬಲು ಓಡಿಬಂದರೆ ನಾದಿನಿ ತೋಳು ಹಿಡಿದು ಎಳೆದಳು.

"ಅಮ್ಮನಿಗೆ ಕಜ್ಜಿ ಇದೆ, ಮುಟ್ಟಬಾರದು."

"ಎಲ್ಲಿ ಕಜ್ಜಿ?" ಎಂದಿತು ಮಗು, ಅಮ್ಮನನ್ನು ಸುತ್ತ ತಿರುಗಿ ನೋಡುತ್ತಾ.

ಸೊಸೆ ಅಡುಗೆಮನೆಗೆ ಕಾಲಿಡಬಾರದು ಎಂದಾಯಿತು. ಇಸ್ತ್ರಿ ಮೇಜಿಗೆ ಮಾತ್ರ ಬೆಳಗಿನಿಂದ ಸಂಜೆವರೆಗೆ ಬರಬೇಕು. ಮನೆಯವರ ಅನ್ನ ಮುಟ್ಟಬಾರದ ಕೈ ಊರವರ ಅಂಗಿ ಮುಟ್ಟಬಹುದಿತ್ತು. ಇದರಲ್ಲಿ ಏನಾದರೂ ತಪ್ಪಿದೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಡುಗೆ ಅತ್ತೆಯ ತಲೆಗೆ ಬಂತು. ಅವಳು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಬೇಳೆ ಕುದಿಸುತ್ತಿದ್ದಳು, ಒಂದು ದಿನ ಉಪ್ಪು ಮರೆಯುತ್ತಿದ್ದಳು, ಇನ್ನೊಂದು ದಿನ ಎರಡು ಸಲ ಹಾಕುತ್ತಿದ್ದಳು. ಬೈಗುಳ ಮಾತ್ರ ಸೊಸೆಗೆ. "ಇವಳೊಬ್ಬಳಿಂದ ಈ ವಯಸ್ಸಲ್ಲಿ ನಾನು ಒಲೆ ಮುಂದೆ ಸಾಯಬೇಕು."

ಬೇರೆಯವರ ಮುಂದೆ ಬೈಯುವುದು ನಾಟಕ ಎಂದು ಮೊದಲ ವಾರ ಸೊಸೆ ಸಮಾಧಾನ ಮಾಡಿಕೊಂಡಳು. ಎರಡನೆಯ ವಾರ ಯಾರೂ ಇಲ್ಲದಾಗಲೂ ಅತ್ತೆ ಅವಳ ಲೋಟವನ್ನು ಕಾಲಿನಿಂದಲೇ ಈ ಕಡೆ ನೂಕಿದಳು. ತಾನು ಕಟ್ಟಿದ ಸುಳ್ಳನ್ನು ಮೊದಲು ನಂಬಿದವಳು ಅತ್ತೆಯೇ.

ಹುಡುಗನ ಕಡೆಯವರು ಬಂದರು, ಬಿಸ್ಕತ್ತು ತಿಂದರು, ಒಪ್ಪಿಕೊಂಡರು. ಸೊಸೆಯನ್ನು ಮಷಿನ್ನಿನ ಹಿಂದೆ ಕೂರಿಸಿ ಪರದೆ ಎಳೆದಿದ್ದರು. "ನಿಮ್ಮ ಸೊಸೆ ಎಲ್ಲಿ?" ಎಂದು ಹುಡುಗನ ತಾಯಿ ಕೇಳಿದಾಗ, "ತವರಿಗೆ ಹೋಗಿದ್ದಾಳೆ," ಎಂದಳು ಅತ್ತೆ. ಪರದೆಯ ಹಿಂದೆ ಕೂತು ಸೊಸೆ ಅದನ್ನು ಕೇಳಿದಳು.

ಅವರು ಹೋದ ಮೇಲೆ ಹಿತ್ತಲಲ್ಲಿ ಮತ್ತೆ ಕೇಳಿದಳು. "ನಿಶ್ಚಯ ಆಯ್ತಲ್ಲ ಅತ್ತೆ. ಇನ್ನಾದ್ರೂ ಹೇಳಿ."

"ಮದುವೆ ಮುಗೀಲಿ."

"ಮದುವೆ ಮೂರು ತಿಂಗಳಿದೆ. ಅಲ್ಲಿಯವರೆಗೆ ನೀವು ಇರ್ತೀರೋ ಇಲ್ವೋ!"

"ಥೂ! ನನ್ನ ಸಾವು ಬಯಸ್ತೀಯಾ? ಹೋಗಿ ಹೇಳ್ಕೋ ಹೋಗು. ಯಾರು ನಂಬ್ತಾರೆ ನೋಡೋಣ."

ಸೊಸೆ ಮಾರನೆಯ ಮಧ್ಯಾಹ್ನ ಹೇಳಿಯೇಬಿಟ್ಟಳು. ಎಲ್ಲರೂ ಊಟಕ್ಕೆ ಕೂತಿದ್ದರು. ಅವಳು ಬಾಗಿಲ ಹತ್ತಿರ ನಿಂತು ಮೊದಲಿನಿಂದ ಕೊನೆವರೆಗೆ ಹೇಳಿದಳು, ಬಕೆಟ್ಟು, ಉಪ್ಪುನೀರು, ಹಳದಿ ಕಾರ್ಡು, ಪರದೆ. "ಆ ಹಾಸಿಗೆ ಮೇಲೆ ಮಲಗಿದ್ದು ನಾನಲ್ಲ. ಅತ್ತೆ. ಇದು ಅವರ ಕಾಯಿಲೆ. ಅವರನ್ನ ಕರ್ಕೊಂಡು ಹೋಗಿ, ಕೈಮುಗೀತೀನಿ."

ಗಂಡ ಎದ್ದು ನಿಂತ. "ನಿನ್ನ ಹೊಲಸನ್ನ ನನ್ನ ತಾಯಿ ಮೇಲೆ ಹಾಕ್ತೀಯಾ?"

"ಅವರನ್ನೇ ಕೇಳ್ರೀ. ನಿಮ್ಮಮ್ಮ ಇಲ್ಲೇ ಇದ್ದಾರಲ್ಲ."

ಮಾವ ಕೈ ಅಡ್ಡ ಮಾಡಿದ. ಗಿರಾಕಿಗಳ ಬಟ್ಟೆಗೆ ಚೀಟಿ ಬರೆಯುತ್ತಾ ಮೂವತ್ತು ವರ್ಷ ಕಳೆದವನು ಅವನು. ಗಿರಾಕಿಗಳು ಜಗಳಕ್ಕೆ ಬಂದಾಗಲೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು, ಈಗಲೂ ಅದನ್ನೇ ಹೇಳಿದ. "ಚೀಟಿ ಯಾರ ಹೆಸರಲ್ಲಿದೆ? ಅಷ್ಟು ಹೇಳು. ಚೀಟಿ ಯಾರ ಹೆಸರಲ್ಲಿದೆಯೋ ಮೂಟೆ ಅವರದ್ದು. ಆಮೇಲೆ ಬಂದು ಇದು ನಂದಲ್ಲ ಅಂದ್ರೆ ನಾನು ಒಪ್ಪಲ್ಲ."

"ಮಾವ, ಇದು ಬಟ್ಟೆ ಅಲ್ಲ!"

"ಎಲ್ಲಾ ಒಂದೇ."

"ಅಮ್ಮ, ನೀನು ಹೇಳು," ಎಂದ ಗಂಡ. "ನೀನು ಮಾಡಿಸ್ಕೊಂಡ್ಯಾ?"

ಅತ್ತೆ ಎಡಗೈಯನ್ನು ಪಕ್ಕದಲ್ಲಿದ್ದ ಮಗಳ ತಲೆಯ ಮೇಲಿಟ್ಟಳು. "ನನ್ನ ಮಗಳಾಣೆ. ನಾನು ಆ ಹಾಸಿಗೆ ಮುಟ್ಟಿಲ್ಲ. ಈ ವಯಸ್ಸಲ್ಲಿ, ಅಳಿಯ ಬರೋ ಹೊತ್ತಲ್ಲಿ, ನನಗೆ ಈ ಮಾತು ಕೇಳಿಸಿದ್ಲಲ್ಲ ಇವಳು." ಆಮೇಲೆ ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ, ಅವಳಿಗೆ ನಿಜಕ್ಕೂ ಭಯವಾಗಿತ್ತು. ಆದರೆ ನೋಡಿದವರಿಗೆ ಅದು ನೊಂದ ತಾಯಿಯ ಅಳುವಾಗಿ ಕಂಡಿತು.

ಗಂಡ ಹೆಂಡತಿಯ ಕೆನ್ನೆಗೆ ಬಾರಿಸಿದ. ಗುಬ್ಬಿ ಕಿರುಚಿ ಅಜ್ಜಿಯ ಮಡಿಲಿಗೆ ಮುಖ ಹುದುಗಿಸಿತು, ಅಮ್ಮನ ಮಡಿಲಿಗಲ್ಲ. ಎರಡು ವಾರದಲ್ಲಿ ಮಗು ಅಷ್ಟು ಕಲಿತಿತ್ತು.

"ಕೇಳಿಲ್ಲಿ," ಎಂದ ಗಂಡ. "ಇನ್ನೊಂದು ಸಲ ಮಾಡಿಸು. ಎಲ್ಲ ಸರಿಯಾಗಿದೆ ಅಂತ ಕಾಗದ ತಂದ್ರೆ ಇಲ್ಲಿರು, ಮಗುನೂ ನಿಂದೇ. ಇಲ್ಲಾಂದ್ರೆ ಪೆಟ್ಟಿಗೆ ಕಟ್ಕೊಂಡು ತವರಿಗೆ ನಡಿ. ಮಗುನ ಕೊಡಲ್ಲ."

ಮಂಗಳವಾರ ಸೊಸೆ ಒಬ್ಬಳೇ ಹೋದಳು. ಅದೇ ಹಳದಿ ಕಾರ್ಡು, ಅದೇ ಪರದೆ. ಮೇಲೆ ಮಲಗಿದಾಗ ಕಬ್ಬಿಣ ತಣ್ಣಗೆ ಮೈಗೆ ತಾಗಿತು, ಒಂದು ಚಿವುಟಿದಷ್ಟು ನೋವಾಯಿತು, ಮುಗಿಯಿತು. ಇಷ್ಟೇ ಇಷ್ಟಕ್ಕೆ ತಾನು ಮನೆಯೊಳಗೆ ನಾಯಿಯಂತೆ ಬದುಕಿದೆನಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಿತು. ಕಾಯುವ ಆ ಎಂಟು ದಿನ ಮಾತ್ರ ಬೇರೆ ಹೆದರಿಕೆ ಹಿಡಿಯಿತು. ನಿಜವಾಗಿಯೂ ತನಗೂ ಇದ್ದರೆ? ಎಲ್ಲರೂ ಬೈದು ಬೈದು ಬಂದೇಬಿಟ್ಟಿದ್ದರೆ? ಇಸ್ತ್ರಿ ಮಾಡುತ್ತಾ ಮಾಡುತ್ತಾ ಆಗಾಗ ಕೈ ಕಿಬ್ಬೊಟ್ಟೆಗೆ ಹೋಗುತ್ತಿತ್ತು. ಎರಡು ಅಂಗಿ ಸುಟ್ಟಳು, ಅದಕ್ಕೂ ಬೈಸಿಕೊಂಡಳು.

ಫೋನು ಬರುವುದಕ್ಕೆ ಕಾಯದೆ ತಾನೇ ಹೋಗಿ ಕೇಳಿದಳು. ನರ್ಸ್ ಕಾಗದ ತೆಗೆದು, ಹಳೆಯದನ್ನೂ ಪಕ್ಕದಲ್ಲಿಟ್ಟು ಹುಬ್ಬು ಗಂಟಿಕ್ಕಿದಳು.

"ಇದೇನಿದು? ಹೋದ ಸಲ ಅಷ್ಟು ಕೆಟ್ಟದಿತ್ತು, ಈ ಸಲ ಏನೇನೂ ಇಲ್ಲ. ಇದು ಹೀಗೆ ಮಾಯ ಆಗಲ್ಲ. ನಿಜ ಹೇಳು, ಎರಡೂ ನಿಂದೇನಾ?"

ಸೊಸೆ ಹೇಳಿದಳು. ನರ್ಸ್ ಮೇಜಿಗೆ ಪೆನ್ನು ಕುಕ್ಕಿದಳು.

"ಹೆಸರು ಬದಲಾಯಿಸಿ ಆಡೋಕೆ ಇದೇನು ಮಕ್ಕಳಾಟನಾ? ಆಗಲೇ ಒಂದು ತಿಂಗಳು ಹೋಯ್ತು. ಈಗ ಬಂದ್ರೆ ಡಾಕ್ಟ್ರು ಏನಾದ್ರೂ ಮಾಡಬಹುದು. ಬಿಟ್ರೆ ಕೈ ಮೀರುತ್ತೆ. ನಿಮ್ಮನೆಗೆ ಫೋನ್ ಮಾಡ್ಲಾ?"

"ಬೇಡಿ ಸಿಸ್ಟರ್. ಫೋನ್ ಎತ್ತೋದು ಮಾವ. ನಾನೇ ಕರ್ಕೊಂಡು ಬರ್ತೀನಿ."

"ಈ ವಾರದೊಳಗೆ. ತಪ್ಪಿಸಬೇಡ." ನರ್ಸ್ ಡಾಕ್ಟರ ಕೋಣೆಯ ನಂಬರು ಬರೆದು ಒಂದು ಚೀಟಿ ಕೊಟ್ಟಳು. ಹೊರಗಿನ ಸಾಲು ಬಾಗಿಲು ದಾಟಿತ್ತು. ಅವಳು ಮುಂದಿನವಳನ್ನು ಕರೆದಳು.

ಮನೆಯಲ್ಲಿ ಕಾಗದವನ್ನು ಗಂಡ ಎರಡು ಸಲ ಓದಿದ. "ತೊಂದರೆ ಏನೂ ಇಲ್ಲ, ಸರಿಯಾಗಿದೆ ಅಂತ ಇದೆ," ಎಂದ.

"ಅಂದ್ರೆ ವಾಸಿಯಾಯ್ತು," ಎಂದಳು ನಾದಿನಿ, ಮೊಬೈಲಿನಿಂದ ಕಣ್ಣು ತೆಗೆಯದೆ.

"ತಟ್ಟೆ ಬೇರೆ ಇಟ್ಟಿದ್ದು ಒಳ್ಳೇದೇ ಆಯ್ತು ನೋಡು," ಎಂದ ಮಾವ.

ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಗಂಡ ಹಾಸಿಗೆ ಸುತ್ತಿ ಒಳಗೆ ತಂದಿಟ್ಟ. ಗುಬ್ಬಿಯನ್ನು ಬೆನ್ನಿಗೆ ಕೈ ಕೊಟ್ಟು ಅಮ್ಮನ ಕಡೆ ನೂಕಿದರು, ಮಗು ನಾಲ್ಕು ಹೆಜ್ಜೆ ಬಂದು ನಿಂತು, "ಕಜ್ಜಿ ಹೋಯ್ತಾ?" ಎಂದು ಕೇಳಿತು. ಹೋಯಿತು ಎಂದು ಅಮ್ಮ ಹೇಳಿದ ಮೇಲೂ ಅಜ್ಜಿಯ ಮುಖ ನೋಡಿ, ಅಜ್ಜಿ ತಲೆ ಆಡಿಸಿದ ಮೇಲೆಯೇ ಹತ್ತಿರ ಬಂತು.

ಸೊಸೆ ಹಿತ್ತಲಿಗೆ ಬಂದಳು. ಚೀಟಿ ಅವಳ ಸೊಂಟದಲ್ಲಿತ್ತು. ಎಷ್ಟೇ ಆಗಲಿ ಹೇಳಲೇಬೇಕು ಎಂದುಕೊಂಡೇ ಬಂದಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಹಿಂದೆಯೇ ಅತ್ತೆ ಬಂದಳು, ಕೈಯಲ್ಲಿ ಆ ಕಾಗದ. ತಿಂಗಳಲ್ಲಿ ಅವಳ ಕೆನ್ನೆ ಒಳಕ್ಕೆ ಹೋಗಿತ್ತು. ಸುತ್ತ ನೋಡಿ, ಬಾಗಿಲು ಎಳೆದುಕೊಂಡು, ಪಿಸುಮಾತಿನಲ್ಲಿ ಕೇಳಿದಳು.

"ಇದು ಅದೇ ಕಾರ್ಡಿಂದು ತಾನೇ?"

"ಅದೇ."

"ಅದೇ ನಂಬರಾ?"

"ಅದೇ ನಂಬರು."

"ಆಗ ಕೆಟ್ಟದಿದೆ ಅಂದೋರೇ ಈಗ ಇಲ್ಲ ಅಂತ ಬರ್ಕೊಟ್ಟಿದ್ದಾರೆ." ಅತ್ತೆ ಕಾಗದದ ಅಂಚನ್ನು ಬೆರಳಲ್ಲಿ ತೀಡಿದಳು. "ಮೊನ್ನೆಯಿಂದ ನನಗೂ ಅಷ್ಟಿಲ್ಲ ಕಣೇ. ಸ್ವಲ್ಪ ಸ್ವಲ್ಪ. ಹಾಗಾದ್ರೆ ನಂದು ಹೋಯ್ತು, ಅಲ್ವಾ?"

ಇಡೀ ಊರಿನ ಬಟ್ಟೆಯಲ್ಲಿ ಒಂದು ಗುಂಡಿ ಹೆಚ್ಚುಕಡಿಮೆಯಾದರೂ ಹಿಡಿಯುವ ಹೆಂಗಸು ಮಗುವಿನಂತೆ ಕಣ್ಣರಳಿಸಿ ನಿಂತಿದ್ದಳು. ಭಯ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಅದು ಸೊಸೆಗೆ ಅರ್ಥವಾಯಿತು, ಚೆನ್ನಾಗಿಯೇ ಅರ್ಥವಾಯಿತು. ಅಲ್ಲ ಎಂಬ ಒಂದೇ ಮಾತು ಹೇಳಿ ಚೀಟಿ ಕೈಗಿಟ್ಟರೆ ಸಾಕಾಗಿತ್ತು. ಮಗಳಾಣೆ ಎಂದ ಆ ಬಾಯಿಯನ್ನು ಅವಳು ನೋಡಿದಳು. ಕರುಣೆ ಬರಲಿ ಎಂದು ಒಂದು ಗಳಿಗೆ ಕಾದಳು, ಬರಲಿಲ್ಲ.

"ಹೋಯ್ತು ಅತ್ತೆ," ಎಂದಳು. "ಅದೇ ಕಾರ್ಡು, ಅದೇ ನಂಬರು. ಇನ್ನೇನು ಬೇಕು? ಪೂರ್ತಿ ಹೋಯ್ತು."

ಅತ್ತೆಯ ಕಣ್ಣು ತುಂಬಿ ಬಂತು. ಸೊಸೆಯ ಎರಡೂ ಕೈ ಹಿಡಿದುಕೊಂಡಳು. "ನೀನು ಒಳ್ಳೇ ಮನೆಯಿಂದ ಬಂದೋಳು ಕಣೇ. ನಾನೇ ಬಾಯಿಗೆ ಬಂದಿದ್ದು ಅಂದೆ. ಬಾ, ಊಟಕ್ಕೆ ಬಾ, ಮೊಟ್ಟೆ ಬೇಯಿಸ್ತೀನಿ."

ಅವಳು ಒಳಗೆ ಹೋದ ಮೇಲೆ ಸೊಸೆ ಚೀಟಿಯನ್ನು ಸೊಂಟದಿಂದ ತೆಗೆದು, ಸಣ್ಣಗೆ ಹರಿದು, ಸೋಪಿನ ನೀರು ಹರಿಯುವ ಮೋರಿಗೆ ಬಿಟ್ಟಳು. ಕೈ ತೊಳೆದುಕೊಂಡಳು. ಅತ್ತೆ ಸೊಂಟ ಹಿಡಿದುಕೊಂಡೇ ಬಗ್ಗಿ ಬಡಿಸಿದಳು, ಬೇಡ ಎಂದರೂ ಎರಡನೆಯ ಮೊಟ್ಟೆ ಹಾಕಿದಳು. ಸೊಸೆ ತಿಂಗಳಿಂದ ಉಂಡಿರಲಿಲ್ಲವೆಂಬಂತೆ ಉಂಡಳು, ಇನ್ನೊಂದು ಸಲ ಅನ್ನ ಹಾಕಿಸಿಕೊಂಡಳು.